‘ಮೌಸ್’: ಪ್ರಾಣಿರೂಪಕ ಮತ್ತು ‘ಆರೋಪ’ದ ಎರಡು ಅರ್ಥಗಳು

೧

ಅಲಂಕಾರಶಾಸ್ತ್ರದ ಪಾಠ ಹೇಳುವ ಅಧ್ಯಾಪಕರಿಗೆ ‘ಆರೋಪ’ ಎಂಬ ಮಾತು ಚಿರಪರಿಚಿತ. ಉಪಮೇಯದ ಮೇಲೆ ಉಪಮಾನವನ್ನು ಆರೋಪಿಸಿ, ಎರಡಕ್ಕೂ ಭೇದವೇ ಇಲ್ಲವೆಂಬಂತೆ ಹೇಳಿದರೆ ಅದು ರೂಪಕ. ‘ಮುಖವು ಕಮಲದಂತಿದೆ’ ಎಂಬಲ್ಲಿ ಉಳಿದುಕೊಳ್ಳುವ ಅಂತರ ‘ಮುಖಕಮಲ’ ಎಂಬಲ್ಲಿ ಅಳಿಸಿಹೋಗುತ್ತದೆ. ಆದರೆ ತರಗತಿಯ ಹೊರಗೆ, ದಿನಪತ್ರಿಕೆಯಲ್ಲಿ ಮತ್ತು ನ್ಯಾಯಾಲಯದಲ್ಲಿ, ಅದೇ ಪದಕ್ಕೆ ಬೇರೆಯ ಅರ್ಥವಿದೆ: ಒಬ್ಬರ ಮೇಲೆ ತಪ್ಪು ಹೊರಿಸುವುದು. ಈ ಎರಡು ಅರ್ಥಗಳು ಕನ್ನಡದಲ್ಲಿ ಒಂದೇ ಪದದೊಳಗೆ ನೆಲೆಸಿರುವುದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಗಮನಿಸಬೇಕಾದ ಅಗತ್ಯವೂ ಬೀಳುವುದಿಲ್ಲ. ಅಂಥ ಅಗತ್ಯವನ್ನು ತಂದೊಡ್ಡುವ ಕೃತಿ ಅಮೆರಿಕದ ಚಿತ್ರಕಥನಕಾರ ಆರ್ಟ್ ಸ್ಪೀಗೆಲ್‌ಮನ್ ಅವರ ‘ಮೌಸ್’. ಜರ್ಮನ್ ಭಾಷೆಯಲ್ಲಿ ಆ ಪದದ ಅರ್ಥ ಇಲಿ.

ಎರಡು ಸಂಪುಟಗಳ ಈ ಕೃತಿ ಪ್ರಕಟವಾದದ್ದು ೧೯೮೬ ಮತ್ತು ೧೯೯೧ರಲ್ಲಿ. ಪೋಲೆಂಡಿನ ಯಹೂದಿ ವ್ಲಾದೆಕ್ ಸ್ಪೀಗೆಲ್‌ಮನ್ ನಾಜಿಗಳ ಆಶ್‌ವಿಟ್ಜ್ ಶಿಬಿರದಿಂದ ಬದುಕಿ ಬಂದವನು. ಅವನು ತನ್ನ ಮಗನಿಗೆ ಹೇಳಿದ ಬಾಳಿನ ಕಥೆ ಇದರ ಒಂದು ಎಳೆ; ಆ ಕಥೆಯನ್ನು ಕೇಳಿಸಿಕೊಳ್ಳುತ್ತ ಚಿತ್ರಿಸುವ ಮಗನ ಸಂಕಟ ಇನ್ನೊಂದು ಎಳೆ. ಇಲ್ಲಿ ಯಹೂದಿಗಳಿಗೆ ಇಲಿಯ ಮುಖವಿದೆ. ಜರ್ಮನರಿಗೆ ಬೆಕ್ಕಿನ, ಪೋಲರಿಗೆ ಹಂದಿಯ, ಅಮೆರಿಕನ್ನರಿಗೆ ನಾಯಿಯ, ಫ್ರೆಂಚರಿಗೆ ಕಪ್ಪೆಯ ಮುಖಗಳಿವೆ. ದೇಹ, ಉಡುಪು, ಕೈಬೆರಳು, ಮಾತು ಮಾತ್ರ ಮನುಷ್ಯರವು. ೧೯೯೨ರಲ್ಲಿ ಈ ಕೃತಿಗೆ ವಿಶೇಷ ಪುಲಿಟ್ಜರ್ ಪ್ರಶಸ್ತಿ ಬಂದಿತು. ನಗುವಿನ ಪತ್ರಿಕೆಗಳಿಗೆ ಮೀಸಲೆಂದು ಭಾವಿಸಲಾಗಿದ್ದ ಚಿತ್ರಪಟ್ಟಿಯ ಪ್ರಕಾರಕ್ಕೆ ಸಾಹಿತ್ಯ ವಿಮರ್ಶೆಯ ಬಾಗಿಲು ತೆರೆದುದರಲ್ಲಿ ಇದರ ಪಾತ್ರ ದೊಡ್ಡದು.

ತೌಲನಿಕ ಸಾಹಿತ್ಯ, ಸಂಸ್ಕೃತಿ ಅಧ್ಯಯನ, ನೆನಪಿನ ಕಥನ ಮುಂತಾದ ಚರ್ಚೆಗಳಲ್ಲಿ ‘ಮೌಸ್’ ಪ್ರಸ್ತಾಪವಾದಾಗಲೆಲ್ಲ ಮೊದಲು ಮುಂದೆ ಬರುವುದು ಮೇಲಿನ ಪಟ್ಟಿಯೇ. ಇಲಿ ಎಂದರೆ ಯಹೂದಿ, ಬೆಕ್ಕು ಎಂದರೆ ನಾಜಿ ಎಂಬ ಈ ಸಮೀಕರಣ ಟಿಪ್ಪಣಿ ಬರೆಯಲು ಅನುಕೂಲ. ಪರೀಕ್ಷೆಯಲ್ಲಿ ಹೊಂದಿಸಿ ಬರೆಯಲು ಇನ್ನೂ ಅನುಕೂಲ. ಆದರೆ ಪಟ್ಟಿ ಸಿದ್ಧವಾದ ಗಳಿಗೆಯಲ್ಲೇ ಕೃತಿ ಕೈತಪ್ಪುತ್ತದೆ. ಒಂದು ಸಮುದಾಯದವರನ್ನೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ನೋಡುವ ಪಡಿಯಚ್ಚಿನ ಗ್ರಹಿಕೆಯನ್ನು ಪ್ರಶ್ನಿಸುವ ಪುಸ್ತಕವೊಂದನ್ನು ಪಡಿಯಚ್ಚುಗಳ ಕೋಷ್ಟಕವಾಗಿ ಓದಿದಂತಾಗುತ್ತದೆ. ‘ಮೌಸ್’ನಲ್ಲಿ ಪ್ರಾಣಿಮುಖ ಆರೋಪವಾಗಿರುವುದು ಪದದ ಎರಡೂ ಅರ್ಥಗಳಲ್ಲಿ. ಆ ಆರೋಪವನ್ನು ಮೊದಲು ಮಾಡಿದವರು ಯಾರು, ಅದು ಎಲ್ಲಿ ಹರಿಯುತ್ತದೆ, ಎಲ್ಲಿ ಹರಿಯದೆ ಹಾಗೆಯೇ ಉಳಿಯುತ್ತದೆ ಎಂಬುದನ್ನು ನೋಡದೆ ಕೃತಿಯ ಬೆಲೆ ಕಟ್ಟಲಾಗದು.

೨

ಇಲಿಯ ರೂಪಕ ಸ್ಪೀಗೆಲ್‌ಮನ್ ಅವರ ಕಲ್ಪನೆಯಲ್ಲಿ ಹುಟ್ಟಿದ್ದಲ್ಲ. ಮೊದಲ ಸಂಪುಟದ ಮುಂಭಾಗದಲ್ಲೇ ಅವರು ಹಿಟ್ಲರನ ಹೇಳಿಕೆಯೊಂದನ್ನು ಇರಿಸಿದ್ದಾರೆ. ಯಹೂದಿಗಳು ಒಂದು ಜನಾಂಗವೇನೋ ಹೌದು, ಆದರೆ ಮನುಷ್ಯರಲ್ಲ ಎಂಬುದು ಅದರ ತಾತ್ಪರ್ಯ. ಎರಡನೆಯ ಸಂಪುಟದ ಮುಂಭಾಗದಲ್ಲಿ ಮೂವತ್ತರ ದಶಕದ ಜರ್ಮನ್ ಪತ್ರಿಕಾ ಬರೆಹವೊಂದರ ತುಣುಕಿದೆ. ಮಿಕ್ಕಿ ಮೌಸನ್ನು ಕೊಳಕಿನ, ರೋಗ ಹರಡುವ ಜಂತುವೆಂದು ಹಳಿದು, ಅದರ ಮೆಚ್ಚುಗೆಯ ಹಿಂದೆ ಯಹೂದಿಗಳ ಕೈವಾಡವನ್ನು ಕಾಣುವ ಬರೆಹ ಅದು. ೧೯೪೦ರಲ್ಲಿ ನಾಜಿ ಪ್ರಚಾರ ಇಲಾಖೆಯ ಆಶ್ರಯದಲ್ಲಿ ತೆರೆಕಂಡ ‘ಡೆರ್ ಎವಿಗೆ ಯೂಡೆ’ ಎಂಬ ಚಲನಚಿತ್ರ ಯಹೂದಿಗಳ ವಲಸೆಯನ್ನು ಹೆಗ್ಗಣಗಳ ಹಿಂಡಿನ ದಾಳಿಗೆ ಹೋಲಿಸಿ ತೋರಿಸಿತು. ಪ್ರಾಣಿರೂಪಕದ ಮೊದಲ ಕರ್ತೃ ಕಲಾವಿದನಲ್ಲ, ಪ್ರಭುತ್ವ ಎಂಬುದು ಇಲ್ಲಿ ನೆನಪಿಡಬೇಕಾದ ಅಂಶ.

ಈ ರೂಪಕ ಕೇವಲ ಬೈಗುಳವಾಗಿ ಉಳಿಯಲಿಲ್ಲ. ಆಶ್‌ವಿಟ್ಜ್‌ನ ಅನಿಲಕೋಣೆಗಳಲ್ಲಿ ಬಳಸಿದ ಜೈಕ್ಲಾನ್-ಬಿ ಮೂಲತಃ ಹೇನು, ಕೀಟ, ಇಲಿಗಳನ್ನು ಕೊಲ್ಲಲು ಮಾರಲಾಗುತ್ತಿದ್ದ ಧೂಮವಿಷ. ಅಂದರೆ ಭಾಷೆಯಲ್ಲಿ ಜಂತುವೆಂದು ಕರೆಸಿಕೊಂಡವರನ್ನು ಕೊನೆಗೆ ಜಂತುನಾಶಕದಿಂದಲೇ ಕೊಲ್ಲಲಾಯಿತು. ಅರವತ್ತು ಲಕ್ಷ ಯಹೂದಿಗಳ ಹತ್ಯೆಯ ಇತಿಹಾಸದಲ್ಲಿ ರೂಪಕದಿಂದ ವಾಚ್ಯಾರ್ಥಕ್ಕೆ ನಡೆದ ಈ ಜಾರುವಿಕೆ ಅತ್ಯಂತ ಭೀಕರವಾದದ್ದು. ಕಾವ್ಯಮೀಮಾಂಸೆ ರೂಪಕವನ್ನು ಸಹೃದಯನ ಆಹ್ಲಾದದ ನೆಲೆಯಲ್ಲಿ ವಿವರಿಸುತ್ತದೆ. ಕಮಲವಲ್ಲದ ಮುಖವನ್ನು ಕಮಲವೆಂದು ಒಪ್ಪುವಾಗ ಅದು ಕಮಲವಲ್ಲವೆಂಬ ಅರಿವು ಕವಿಗೂ ಇರುತ್ತದೆ, ಓದುಗನಿಗೂ ಇರುತ್ತದೆ. ಆ ಅರಿವನ್ನು ಅಳಿಸಿಹಾಕಿ ಅಭೇದವನ್ನು ನಿಜವೆಂದೇ ನಂಬಿಸುವ ಅಧಿಕಾರವೊಂದು ರೂಪಕವನ್ನು ಕೈಗೆತ್ತಿಕೊಂಡರೆ ಏನಾದೀತು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಇಪ್ಪತ್ತನೆಯ ಶತಮಾನದ ಇತಿಹಾಸ ಅದನ್ನು ಎತ್ತುತ್ತದೆ.

ಸ್ಪೀಗೆಲ್‌ಮನ್ ಈ ಪ್ರಾಣಿಗಳ ಬಳಿಗೆ ಬಂದ ದಾರಿಯೂ ಗಮನಾರ್ಹ. ಅಮೆರಿಕದ ಹಳೆಯ ವ್ಯಂಗ್ಯಚಿತ್ರ ಚಲನಚಿತ್ರಗಳ ಪ್ರಾಣಿಗಳಿಗೂ ಅದೇ ಕಾಲದ ಕಪ್ಪುಜನರ ಅವಹೇಳನಕಾರಿ ಚಿತ್ರಣಕ್ಕೂ ಇರುವ ನಂಟನ್ನು ಚಲನಚಿತ್ರಕಾರ ಕೆನ್ ಜೇಕಬ್ಸ್ ತರಗತಿಯಲ್ಲಿ ತೋರಿಸಿಕೊಟ್ಟರೆಂದೂ, ಬೆಕ್ಕು-ಇಲಿಗಳ ಮೂಲಕ ಕಪ್ಪುಜನರ ಮೇಲಿನ ದಬ್ಬಾಳಿಕೆಯನ್ನು ಚಿತ್ರಿಸುವ ಯೋಚನೆ ತಮಗೆ ಮೊದಲು ಬಂದಿತ್ತೆಂದೂ ಅವರು ಹೇಳಿಕೊಂಡಿದ್ದಾರೆ. ಅದು ತಮ್ಮ ಅನುಭವಕ್ಕೆ ದೂರವೆನಿಸಿದಾಗ ತಂದೆತಾಯಿಯರ ಕಥೆಗೆ ಹೊರಳಿದರು. ೧೯೭೨ರಲ್ಲಿ ಮೂರು ಪುಟಗಳ ಮೊದಲ ‘ಮೌಸ್’ ಪ್ರಕಟವಾಯಿತು. ತಂದೆ ಇಲಿ ಮಗನಿಗೆ ಹೇಳುವ ಮಲಗುವ ಹೊತ್ತಿನ ಕಥೆಯಾಗಿ ಅದು ಬಂದಿತು. ಅಲ್ಲಿ ‘ಯಹೂದಿ’ ಎಂಬ ಪದವೇ ಇಲ್ಲ, ಶೋಷಕರು ಬೆಕ್ಕುಗಳಷ್ಟೇ. ೧೯೮೦ರಿಂದ ‘ರಾ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ದೀರ್ಘ ಕೃತಿಯಲ್ಲಿ ಊರು, ಹೆಸರು, ಇಸವಿಗಳೆಲ್ಲ ಸ್ಪಷ್ಟವಾಗಿವೆ. ನೀತಿಕಥೆಯ ಮಬ್ಬಿನಿಂದ ಇತಿಹಾಸದ ಬೆಳಕಿಗೆ ಬಂದಾಗಲೇ ಪ್ರಾಣಿಮುಖಗಳ ಸಮಸ್ಯೆಯೂ ತೀವ್ರವಾಯಿತು.

೩

ಪ್ರಾಣಿಕಥೆಯ ವಿಷಯದಲ್ಲಿ ಕನ್ನಡದ ಓದುಗನ ಬಳಿ ಒಂದು ಸಿದ್ಧವಾದ ನಿರೀಕ್ಷೆ ಇರುತ್ತದೆ. ಹನ್ನೊಂದನೆಯ ಶತಮಾನದ ದುರ್ಗಸಿಂಹನ ಕಾಲದಿಂದಲೂ ಪಂಚತಂತ್ರದ ಕಥೆಗಳು ಈ ಭಾಷೆಯಲ್ಲಿ ಬಳಕೆಯಲ್ಲಿವೆ. ಈ ಪರಂಪರೆಯ ಹಲವು ಕಥೆಗಳ ತಳದಲ್ಲಿ ‘ಸ್ವಭಾವ’ದ ಕಲ್ಪನೆಯಿದೆ. ಋಷಿಯ ತಪೋಬಲದಿಂದ ಹುಡುಗಿಯಾದ ಇಲಿ ಸೂರ್ಯ, ಮೇಘ, ವಾಯು, ಪರ್ವತರನ್ನೆಲ್ಲ ನಿರಾಕರಿಸಿ ಕೊನೆಗೆ ಇಲಿಯನ್ನೇ ವರಿಸುತ್ತದೆ. ನೀಲಿಯ ತೊಟ್ಟಿಗೆ ಬಿದ್ದು ಬಣ್ಣ ಬದಲಿಸಿಕೊಂಡು ಕಾಡಿನ ಅರಸನಾದ ನರಿ ಬೇರೆ ನರಿಗಳ ಕೂಗು ಕೇಳಿದೊಡನೆ ತಾನೂ ಊಳಿಟ್ಟು ಸಿಕ್ಕಿಬೀಳುತ್ತದೆ. ಹುಲಿಯ ಚರ್ಮ ಹೊದ್ದ ಕತ್ತೆಯನ್ನು ಅದರ ಅರಚಾಟವೇ ಕೊಲ್ಲಿಸುತ್ತದೆ. ಹೊದಿಕೆ ಸುಳ್ಳು, ಒಳಗಿನ ಹುಟ್ಟುಗುಣ ನಿಜ ಎಂಬುದು ಈ ಕಥೆಗಳ ತರ್ಕ. ಅವುಗಳ ನಡುವೆ ಪುಣ್ಯಕೋಟಿಯ ಕಥೆಯಂಥ ಅಪವಾದಗಳೂ ಇವೆ. ಹಸುವಿನ ಸತ್ಯಕ್ಕೆ ಹುಲಿಯ ಹುಲಿತನವೇ ಕರಗುವುದನ್ನು ಕನ್ನಡ ಜನಪದ ಕಂಡಿದೆ.

‘ಮೌಸ್’ನ ಪುಟಗಳನ್ನು ಈ ನಿರೀಕ್ಷೆಯಿಂದ ತೆರೆದವರಿಗೆ ತೊಡಕು ಎದುರಾಗುತ್ತದೆ. ಇಲ್ಲಿನ ಇಲಿಗಳಲ್ಲಿ ಇಲಿಯ ಗುಣ ಯಾವುದೂ ಇಲ್ಲ. ಅವರು ಬಟ್ಟೆಯ ವ್ಯಾಪಾರ ಮಾಡುತ್ತಾರೆ, ಮದುವೆಯ ಮಾತುಕತೆ ನಡೆಸುತ್ತಾರೆ, ಇಸ್ಪೀಟು ಆಡುತ್ತಾರೆ, ಮಾತ್ರೆಗಳನ್ನು ಎಣಿಸುತ್ತಾರೆ. ಬೆಕ್ಕುಗಳು ಇಲಿಗಳನ್ನು ತಿನ್ನುವುದಿಲ್ಲ; ಕಡತ ಬರೆಯುತ್ತವೆ, ಸಾಲು ನಿಲ್ಲಿಸುತ್ತವೆ, ಸಂಖ್ಯೆ ಹಚ್ಚುತ್ತವೆ, ಗುಂಡಿಕ್ಕುತ್ತವೆ. ಬೆಕ್ಕು ಇಲಿಯನ್ನು ಕೊಲ್ಲುವುದು ಪ್ರಕೃತಿ. ನೆರೆಮನೆಯವನನ್ನು ರೈಲಿಗೆ ತುಂಬಿ ಕೊಲೆಶಿಬಿರಕ್ಕೆ ಕಳುಹಿಸುವುದು ಆಡಳಿತ. ನಾಜಿಗಳ ಅಪರಾಧವನ್ನು ಬೆಕ್ಕಿನ ಸಹಜಗುಣವೆಂದು ಓದಿದರೆ ಅವರ ಹೊಣೆಗಾರಿಕೆಯೇ ಮಾಯವಾಗುವ ಅಪಾಯವಿದೆ. ಈ ಅಪಾಯವನ್ನು ತಪ್ಪಿಸಲೆಂದೇ ಕಥನ ತನ್ನ ಪ್ರಾಣಿಗಳಿಗೆ ಪ್ರಾಣಿಸ್ವಭಾವವನ್ನು ಕೊಡದೆ ಮುಖವನ್ನಷ್ಟೇ ಕೊಟ್ಟಿದೆ.

ಆ ಮುಖಗಳಾದರೂ ಬಹುಮಟ್ಟಿಗೆ ಒಂದೇ ತೆರನಾದವು. ಎರಡು ಚುಕ್ಕೆಯ ಕಣ್ಣು, ಚೂಪಾದ ಮೂತಿ, ಕೆಲವೇ ಗೆರೆಗಳು. ಒಂದು ಇಲಿಯನ್ನು ಇನ್ನೊಂದರಿಂದ ಬೇರ್ಪಡಿಸಲು ಮುಖ ಸಾಲದು. ಓದುಗ ಕನ್ನಡಕವನ್ನು, ಅಂಗಿಯನ್ನು, ಕೈಯ ಭಂಗಿಯನ್ನು, ಎಲ್ಲಕ್ಕಿಂತ ಮಿಗಿಲಾಗಿ ಮಾತಿನ ವರಸೆಯನ್ನು ಆಶ್ರಯಿಸಬೇಕಾಗುತ್ತದೆ. ವಲಸೆಗಾರನ ಮುರುಕು ಇಂಗ್ಲಿಷಿನಲ್ಲಿ, ಪದಕ್ರಮ ಹಿಂದುಮುಂದಾದ ವಾಕ್ಯಗಳಲ್ಲಿ ವ್ಲಾದೆಕ್ ಮಾತನಾಡುತ್ತಾನೆ. ಆ ಮಾತು ಕೇಳಿದರೆ ಸಾಕು, ಅದು ಅವನೇ. ಹೊರಗಿನ ಕಣ್ಣಿಗೆ ಎಲ್ಲರೂ ಒಂದೇ ಆಗಿ ಕಾಣುವುದು, ಹತ್ತಿರ ಹೋಗಿ ಕೇಳಿಸಿಕೊಂಡಾಗ ಒಬ್ಬೊಬ್ಬರೂ ಬೇರೆಯಾಗುವುದು, ಈ ಅನುಭವವನ್ನು ಕೃತಿ ಓದಿನ ಕ್ರಿಯೆಯಲ್ಲೇ ಉಂಟುಮಾಡುತ್ತದೆ. ಪಡಿಯಚ್ಚು ಚಿತ್ರದಲ್ಲಿದೆ, ಅದನ್ನು ಒಡೆಯುವ ಕೆಲಸ ಓದುಗನ ಕಿವಿಗೆ ಬಿಟ್ಟದ್ದು.

೪

ನೀಲಿ ನರಿಯ ಕಥೆಯನ್ನು ತಲೆಕೆಳಗಾಗಿಸುವ ಸನ್ನಿವೇಶಗಳು ಮೊದಲ ಸಂಪುಟದ ಕೊನೆಯ ಭಾಗದಲ್ಲಿವೆ. ಅಡಗುತಾಣ ಹುಡುಕುತ್ತ ಸೊಸ್ನೋವಿಯೆಟ್ಸ್ ನಗರದ ಬೀದಿಗಳಲ್ಲಿ ಅಲೆಯುವ ವ್ಲಾದೆಕ್ ಮತ್ತು ಅವನ ಹೆಂಡತಿ ಆನ್ಯ ಪೋಲರಂತೆ ನಟಿಸಬೇಕಾಗುತ್ತದೆ. ಚಿತ್ರದಲ್ಲಿ ಅವರ ಇಲಿಮುಖದ ಮೇಲೆ ಹಂದಿಯ ಮುಖವಾಡವಿದೆ. ತಲೆಯ ಹಿಂದೆ ಕಟ್ಟಿದ ದಾರ ಸ್ಪಷ್ಟವಾಗಿ ಕಾಣುತ್ತದೆ. ವ್ಲಾದೆಕ್ ಪೋಲನಂತೆ ಸುಲಭವಾಗಿ ಸಾಗಬಲ್ಲ. ಆನ್ಯಳ ರೂಪ ಮಾತ್ರ ಯಹೂದಿಯದೆಂದು ಗುರುತು ಸಿಗುವಂಥದು. ಅದನ್ನು ಸೂಚಿಸಲು ಅವಳ ಕೋಟಿನ ಕೆಳಗಿನಿಂದ ಇಲಿಯ ಬಾಲ ಇಳಿಬಿದ್ದಿದೆ. ಪಂಚತಂತ್ರದ ತರ್ಕದಲ್ಲಾದರೆ ಮುಖವಾಡ ಸುಳ್ಳು, ಬಾಲ ನಿಜ. ಇಲ್ಲಿ ಬಾಲವೂ ನಿಜವಲ್ಲ. ನೋಡುವ ಕಣ್ಣಿನಲ್ಲಿರುವ ಜನಾಂಗದ ಕಲ್ಪನೆ ಆನ್ಯಳಿಗೆ ಅಂಟಿಸಿದ ಗುರುತು ಅದು. ಮುಖವಾಡದ ಕೆಳಗೆ ಇರುವುದು ಮತ್ತೊಂದು ಮುಖವಾಡ.

ಈ ಸಂಶಯ ಎರಡನೆಯ ಸಂಪುಟದಲ್ಲಿ ಇನ್ನಷ್ಟು ದೃಢವಾಗುತ್ತದೆ. ಅದು ತೆರೆದುಕೊಳ್ಳುವುದೇ ಒಂದು ಗೊಂದಲದೊಂದಿಗೆ: ಆರ್ಟ್ ತನ್ನ ಹೆಂಡತಿ ಫ್ರಾನ್ಸ್ವಾಸಳನ್ನು ಯಾವ ಪ್ರಾಣಿಯಾಗಿ ಬರೆಯಬೇಕು? ಹುಟ್ಟಿನಿಂದ ಅವಳು ಫ್ರೆಂಚ್. ಮದುವೆಗಾಗಿ ಯಹೂದಿ ಧರ್ಮಕ್ಕೆ ಮತಾಂತರಗೊಂಡವಳು. ಕಪ್ಪೆಯೇ, ಮೊಲವೇ, ಇಲಿಯೇ ಎಂಬ ಅವರಿಬ್ಬರ ಹಾಸ್ಯಮಿಶ್ರಿತ ಚರ್ಚೆ ವರ್ಗೀಕರಣದ ಪೊಳ್ಳುತನವನ್ನು ಬಯಲುಮಾಡುತ್ತದೆ. ಶಿಬಿರದಲ್ಲಿ ತಾನು ಜರ್ಮನನೆಂದೂ, ಕೈಸರನಿಂದ ಪದಕ ಪಡೆದವನೆಂದೂ, ತನ್ನ ಮಗ ಜರ್ಮನ್ ಸೈನಿಕನೆಂದೂ ಕೂಗಿಕೊಳ್ಳುವ ಕೈದಿಯೊಬ್ಬನನ್ನು ಒಂದು ಚೌಕದಲ್ಲಿ ಇಲಿಯಾಗಿಯೂ ಇನ್ನೊಂದರಲ್ಲಿ ಬೆಕ್ಕಾಗಿಯೂ ಬರೆಯಲಾಗಿದೆ. ಅವನು ನಿಜಕ್ಕೂ ಜರ್ಮನನೇ ಎಂದು ಮಗ ಕೇಳಿದರೆ ತಂದೆಗೆ ಗೊತ್ತಿಲ್ಲ. ಕಾವಲುಗಾರರ ಪಾಲಿಗಂತೂ ಅವನು ಯಹೂದಿ. ಕೊಲ್ಲುವವನ ನಿರ್ಧಾರವೇ ಮುಖವನ್ನು ನಿರ್ಧರಿಸುತ್ತದೆ ಎಂಬುದನ್ನು ಇದಕ್ಕಿಂತ ಮಿತವಾಗಿ ಹೇಳುವುದು ಕಷ್ಟ. ಯುದ್ಧಾನಂತರದ ಜರ್ಮನಿಯಲ್ಲಿ ಯಹೂದಿ ಗಂಡ ಮತ್ತು ಜರ್ಮನ್ ಹೆಂಡತಿಯ ಮಕ್ಕಳು ಬೆಕ್ಕಿನ ಪಟ್ಟೆಗಳುಳ್ಳ ಇಲಿಗಳಾಗಿ ಕಾಣಿಸಿಕೊಳ್ಳುವ ಚೌಕವನ್ನೂ ಇದರ ಜೊತೆಗಿಟ್ಟು ನೋಡಬೇಕು.

ಈ ನೆಲೆಯಲ್ಲಿ ಎರಡನೆಯ ಸಂಪುಟದ ಎರಡನೆಯ ಅಧ್ಯಾಯ ಇಡೀ ಕೃತಿಯ ಕೀಲಿಕೈ ಎನ್ನಬಹುದು. ತಂದೆ ತೀರಿಕೊಂಡಿದ್ದಾನೆ, ಮೊದಲ ಸಂಪುಟ ಯಶಸ್ಸು ಕಂಡಿದೆ. ಬರೆಯುವ ಮೇಜಿನ ಮುಂದೆ ಕುಳಿತ ಆರ್ಟ್ ಈಗ ಇಲಿಯಲ್ಲ, ಇಲಿಯ ಮುಖವಾಡ ಕಟ್ಟಿಕೊಂಡ ಮನುಷ್ಯ. ಅವನ ಸುತ್ತ ನೊಣಗಳು. ಮೇಜಿನ ಕೆಳಗೆ ಇಲಿಮುಖದ ಹೆಣಗಳ ರಾಶಿ. ಸಂದರ್ಶನಕಾರರು, ವ್ಯಾಪಾರಿಗಳು ತಂತಮ್ಮ ಮುಖವಾಡಗಳೊಂದಿಗೆ ಆ ಹೆಣಗಳನ್ನು ತುಳಿದುಕೊಂಡೇ ಬರುತ್ತಾರೆ. ಸತ್ತವರ ಕಥೆಯಿಂದ ಹೆಸರು ಗಳಿಸುತ್ತಿರುವ ಅಪರಾಧಪ್ರಜ್ಞೆ ಇಲ್ಲಿ ಮುಖವಾಡವನ್ನು ಕಲಾವಿದನ ಮುಖಕ್ಕೂ ಕಟ್ಟಿಬಿಟ್ಟಿದೆ. ಅವನು ಕಾಣಲು ಹೋಗುವ ಮನೋವೈದ್ಯ ಪಾವೆಲ್ ಶಿಬಿರಗಳಿಂದ ಬದುಕಿ ಬಂದ ಯಹೂದಿ. ಅವನ ಮನೆಯ ತುಂಬ ಬೀದಿಯ ನಾಯಿ, ಬೆಕ್ಕುಗಳು. ಈ ನಿಜವಾದ ಬೆಕ್ಕುಗಳನ್ನು ಹೇಳಿದರೆ ತನ್ನ ರೂಪಕ ಕೆಟ್ಟುಹೋಗುವುದೇ ಎಂದು ಆರ್ಟ್ ಓದುಗರನ್ನೇ ಕೇಳುತ್ತಾನೆ. ರೂಪಕ ಕೆಡುತ್ತದೆ; ಕೆಡಬೇಕೆಂಬುದೇ ಆ ಪ್ರಶ್ನೆಯ ಆಶಯ.

ಇದೇ ಬಗೆಯ ಇನ್ನೊಂದು ಗಳಿಗೆ ಮೊದಲ ಸಂಪುಟದಲ್ಲಿದೆ. ನೆಲಮಾಳಿಗೆಯಲ್ಲಿ ಅಡಗಿದ್ದಾಗ ಆನ್ಯ ಹೆಗ್ಗಣವನ್ನು ಕಂಡು ಚೀರುತ್ತಾಳೆ. ಅವು ಬರಿಯ ಸುಂಡಿಲಿಗಳೆಂದು ವ್ಲಾದೆಕ್ ಅವಳಿಗೆ ಸುಳ್ಳು ಹೇಳಿ ಸಮಾಧಾನಪಡಿಸುತ್ತಾನೆ. ಅಲ್ಲಿ ಬರೆದಿರುವುದು ನಾಲ್ಕು ಕಾಲಿನ, ಕೂದಲು ತುಂಬಿದ ನಿಜವಾದ ಹೆಗ್ಗಣ. ಇಲಿಯ ಮುಖ ಹೊತ್ತ ಹೆಂಗಸು ಹೆಗ್ಗಣಕ್ಕೆ ಹೆದರುವ ಆ ಚೌಕದಲ್ಲಿ ನಾಜಿ ರೂಪಕ ಸಾಕ್ಷಿ ಇಲ್ಲದೆ ಬಿದ್ದುಹೋಗುವ ಮೊಕದ್ದಮೆಯಂತೆ ಕುಸಿಯುತ್ತದೆ.

೫

ಪಡಿಯಚ್ಚಿನ ಪ್ರಶ್ನೆ ಪ್ರಾಣಿಮುಖಗಳಿಗಷ್ಟೇ ಸೀಮಿತವಲ್ಲ. ಯಹೂದಿ ಎಂದರೆ ಜಿಪುಣ ಎಂಬುದು ಯೂರೋಪಿನ ಅತ್ಯಂತ ಹಳೆಯ ಆರೋಪಗಳಲ್ಲಿ ಒಂದು. ದುರ್ದೈವವೆಂದರೆ ವ್ಲಾದೆಕ್ ನಿಜವಾಗಿಯೂ ಜಿಪುಣ. ಕಡ್ಡಿ ಉಳಿಸಲು ಒಲೆಯನ್ನು ಹಗಲಿಡೀ ಉರಿಯಬಿಡುತ್ತಾನೆ. ಅರ್ಧ ತಿಂದ ತಿನಿಸಿನ ಪೊಟ್ಟಣವನ್ನು ಅಂಗಡಿಗೆ ಹಿಂದಿರುಗಿಸುತ್ತಾನೆ. ನಾಜಿ ವ್ಯಂಗ್ಯಚಿತ್ರದ ಜಿಪುಣ ಮುದಿ ಯಹೂದಿಯಂತೆಯೇ ತನ್ನ ತಂದೆ ಕಾಣುತ್ತಾನಲ್ಲ ಎಂಬ ಕಳವಳವನ್ನು ಆರ್ಟ್ ಕೃತಿಯೊಳಗೇ ತೋಡಿಕೊಳ್ಳುತ್ತಾನೆ. ಇಲ್ಲಿ ಲೇಖಕನ ಮುಂದೆ ಎರಡು ಸುಲಭದ ದಾರಿಗಳಿದ್ದವು: ತಂದೆಯನ್ನು ಸಂತನನ್ನಾಗಿಸುವುದು, ಇಲ್ಲವೆ ಶಿಬಿರದ ಯಾತನೆಯೇ ಅವನನ್ನು ಹೀಗೆ ಮಾಡಿತೆಂದು ಸಮಜಾಯಿಷಿ ಕೊಡುವುದು. ವ್ಲಾದೆಕನ ಎರಡನೆಯ ಹೆಂಡತಿ ಮಾಲ ಎರಡನೆಯ ದಾರಿಯನ್ನು ಮುಚ್ಚುತ್ತಾಳೆ. ಅವಳೂ ಶಿಬಿರದಿಂದ ಬದುಕಿ ಬಂದವಳು. ತಮ್ಮ ಗೆಳೆಯರೆಲ್ಲರೂ ಅದನ್ನು ದಾಟಿ ಬಂದವರೇ, ಆದರೆ ಯಾರೂ ವ್ಲಾದೆಕನಂತಿಲ್ಲ ಎಂಬುದು ಅವಳ ವಾದ. ಜಿಪುಣತನ ಹೀಗೆ ಜನಾಂಗದ ಗುಣವೂ ಆಗದೆ, ಯಾತನೆಯ ಪರಿಣಾಮವೂ ಆಗದೆ ಒಬ್ಬ ವ್ಯಕ್ತಿಯದಾಗಿ ಉಳಿಯುತ್ತದೆ.

ಇನ್ನೊಂದು ಪ್ರಸಂಗ ಇದಕ್ಕಿಂತ ಕಟುವಾದದ್ದು. ಕಾರಿನಲ್ಲಿ ಹೋಗುವಾಗ ಫ್ರಾನ್ಸ್ವಾಸ್ ಕಪ್ಪು ವರ್ಣದ ದಾರಿಹೋಕನೊಬ್ಬನನ್ನು ಹತ್ತಿಸಿಕೊಳ್ಳುತ್ತಾಳೆ. ಅವನು ಕಳ್ಳನೆಂಬ ಭಯದಲ್ಲಿ ವ್ಲಾದೆಕ್ ದಾರಿಯುದ್ದಕ್ಕೂ ತನ್ನ ಸಾಮಾನುಗಳನ್ನು ಕಾಯುತ್ತ ಪೋಲಿಷ್ ಭಾಷೆಯಲ್ಲಿ ಗೊಣಗುತ್ತಾನೆ. ನಾಜಿಗಳು ಯಹೂದಿಗಳ ಬಗ್ಗೆ ಆಡುತ್ತಿದ್ದ ಮಾತನ್ನೇ ನೀನು ಕಪ್ಪುಜನರ ಬಗ್ಗೆ ಆಡುತ್ತಿದ್ದೀಯೆ ಎಂದು ಸೊಸೆ ಸಿಡಿದಾಗ ಅವನಿಗೆ ಆ ಹೋಲಿಕೆಯೇ ಅರ್ಥವಾಗುವುದಿಲ್ಲ. ಆರೋಪಕ್ಕೆ ಒಳಗಾದವನು ಆರೋಪಿಸುವ ಹಕ್ಕನ್ನು ಬಿಟ್ಟುಕೊಟ್ಟಿರುತ್ತಾನೆ ಎಂಬ ಭ್ರಮೆಗೆ ಇಲ್ಲಿ ಆಸ್ಪದವಿಲ್ಲ. ಯಹೂದಿ ಪೊಲೀಸರು, ಹಣ ಪಡೆದಲ್ಲದೆ ಸಂಬಂಧಿಕರಿಗೂ ನೆರವಾಗದ ಹ್ಯಾಸ್ಕೆಲ್, ಹೆಂಡತಿಯ ದಿನಚರಿಗಳನ್ನು ಸುಟ್ಟುಹಾಕಿದ ವ್ಲಾದೆಕ್ ಇವರೆಲ್ಲರೂ ಇಲಿಯ ಮುಖದವರೇ. ಯಾತನೆ ಮನುಷ್ಯನನ್ನು ಉತ್ತಮನನ್ನಾಗಿಸುತ್ತದೆ ಎಂಬ ಹಿತವಾದ ನಂಬಿಕೆಯೂ ಒಂದು ಪಡಿಯಚ್ಚೇ ಎಂಬುದನ್ನು ಈ ಪಾತ್ರಗಳು ನೆನಪಿಸುತ್ತವೆ.

೬

ಇಷ್ಟರಮಟ್ಟಿಗೆ ಕೃತಿ ತನ್ನ ಆರೋಪಗಳನ್ನು ತಾನೇ ಸಡಿಲಿಸುತ್ತ ಬರುತ್ತದೆ. ಆದರೆ ಎಲ್ಲ ಮುಖಗಳಿಗೂ ಈ ನ್ಯಾಯ ಸಿಕ್ಕಿದೆಯೇ ಎಂದು ಕೇಳಬೇಕು. ಪೋಲರ ಹಂದಿಮುಖ ಮೊದಲಿನಿಂದಲೂ ವಿವಾದದ ಕೇಂದ್ರ. ಚಿತ್ರಕಥನಕಾರ ಹಾರ್ವಿ ಪೀಕರ್ ೧೯೮೬ರಲ್ಲೇ ಈ ಆಕ್ಷೇಪವನ್ನು ಎತ್ತಿದ್ದರು. ಪೋಲಿಷ್ ಅನುವಾದ ಪ್ರಕಟವಾಗಲು ೨೦೦೧ರವರೆಗೆ ಕಾಯಬೇಕಾಯಿತು. ಆಗಲೂ ಪ್ರತಿಭಟನಕಾರರು ಪುಸ್ತಕವನ್ನು ಸುಟ್ಟರು. ಅದನ್ನು ಅನುವಾದಿಸಿದ ಪತ್ರಕರ್ತ ಪಿಯೊತ್ರ್ ಬಿಕೊಂತ್ ಕಚೇರಿಯ ಕಿಟಕಿಯಲ್ಲಿ ಹಂದಿಯ ಮುಖವಾಡ ಧರಿಸಿ ನಿಂತು ಅವರತ್ತ ಕೈಬೀಸಿದರು.

ಸ್ಪೀಗೆಲ್‌ಮನ್ ಅವರ ಸಮರ್ಥನೆಯಲ್ಲಿ ಹುರುಳಿದೆ. ನಾಜಿಗಳು ಪೋಲರನ್ನು ಹಂದಿಗಳೆಂದೇ ಹೀಯಾಳಿಸುತ್ತಿದ್ದರು. ಬೆಕ್ಕು-ಇಲಿಗಳ ಆಹಾರಸರಣಿಗೆ ಹಂದಿ ಹೊರಗಿನದು. ಅಮೆರಿಕದ ವ್ಯಂಗ್ಯಚಿತ್ರಗಳಲ್ಲಿ ಹಂದಿ ಪ್ರೀತಿಯ ಪಾತ್ರವೂ ಹೌದು. ಕೃತಿಯಲ್ಲಿ ಒಳ್ಳೆಯ ಪೋಲರೂ ಇದ್ದಾರೆ. ಜೀವದ ಹಂಗು ತೊರೆದು ದಂಪತಿಗಳಿಗೆ ಆಶ್ರಯ ಕೊಡುವ ಮೊಟೊನೋವ ಎಂಬ ಹೆಂಗಸು ಇದ್ದಾಳೆ. ಆಶ್‌ವಿಟ್ಜ್‌ನಲ್ಲಿ ಎದೆಗುಂದಿದ ವ್ಲಾದೆಕನ ಕೈಮೇಲಿನ ಸಂಖ್ಯೆಯ ಅಂಕಿಗಳನ್ನು ಕೂಡಿಸಿ, ಬರುವ ಹದಿನೆಂಟು ಹೀಬ್ರೂ ಭಾಷೆಯಲ್ಲಿ ‘ಬದುಕು’ ಎಂಬುದರ ಸಂಖ್ಯೆಯೆಂದು ಧೈರ್ಯ ತುಂಬುವ ಪೋಲಿಷ್ ಪಾದ್ರಿ ಇದ್ದಾನೆ. ಹಾಗೆಯೇ ಯುದ್ಧ ಮುಗಿದ ಮೇಲೆ ತನ್ನ ಮನೆಗೆ ಮರಳಿದ ಯಹೂದಿಯನ್ನು ಕೊಂದ ಪೋಲರೂ ಇದ್ದಾರೆ. ೧೯೪೬ರ ಜುಲೈನಲ್ಲಿ ಕಿಯೆಲ್ಟ್ಸೆ ಪಟ್ಟಣದಲ್ಲಿ ನಲವತ್ತಕ್ಕೂ ಹೆಚ್ಚು ಯಹೂದಿಗಳ ಕೊಲೆಯಾದುದನ್ನು ನೆನೆದರೆ ಅದು ಉತ್ಪ್ರೇಕ್ಷೆಯೆನಿಸದು.

ಆದರೂ ಸಮರ್ಥನೆ ಪೂರ್ಣವಾಗುವುದಿಲ್ಲ. ನಾಜಿ ಆಕ್ರಮಣದಲ್ಲಿ ಪೋಲೆಂಡಿನ ಸುಮಾರು ಮೂವತ್ತು ಲಕ್ಷ ಯಹೂದಿಗಳೊಂದಿಗೆ ಯಹೂದಿಗಳಲ್ಲದ ಹದಿನೆಂಟು ಲಕ್ಷಕ್ಕೂ ಮಿಗಿಲಾದ ಪೋಲಿಷ್ ನಾಗರಿಕರೂ ಸತ್ತರು. ಯಹೂದಿಗಳನ್ನು ರಕ್ಷಿಸಿದವರೆಂದು ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಗೌರವಿಸಿರುವವರಲ್ಲಿ ಏಳು ಸಾವಿರಕ್ಕೂ ಹೆಚ್ಚು ಪೋಲರಿದ್ದಾರೆ. ಬೇರಾವ ದೇಶದವರೂ ಅಷ್ಟು ಸಂಖ್ಯೆಯಲ್ಲಿಲ್ಲ. ಈ ಇತಿಹಾಸದ ಭಾರ ಹೊತ್ತ ಓದುಗನಿಗೆ ಪಾದ್ರಿಯ ಕರುಣೆಯೂ ಹಂದಿಯ ಮೂತಿಯಿಂದಲೇ ಬರುವುದು ಸಹಜವಾಗಿಯೇ ಚುಚ್ಚುತ್ತದೆ. ನಾಜಿಗಳ ಬೈಗುಳವನ್ನು ಅವರಿಗೇ ತಿರುಗಿಸುವ ತಂತ್ರ ಇಲಿಯ ವಿಷಯದಲ್ಲಿ ಫಲಿಸಿದೆ, ಏಕೆಂದರೆ ಆ ಮುಖದ ಹಿಂದೆ ವ್ಲಾದೆಕನ ಇಡೀ ಬಾಳು ಇದೆ. ಆ ಮುಖ ಮುಖವಾಡವೆಂದು ತೋರಿಸುವ ದಾರವೂ ಇದೆ. ಹಂದಿಯ ಮುಖವಾಡವನ್ನು ಯಹೂದಿಗಳು ಕಟ್ಟಿಕೊಳ್ಳುತ್ತಾರೆ, ಬಿಚ್ಚುತ್ತಾರೆ. ತನ್ನ ಹಂದಿಮುಖ ಆರೋಪಿತವೆಂದು ಅರಿತ ಒಬ್ಬ ಪೋಲನೂ ವ್ಲಾದೆಕ್ ಹೇಳುವ ಕಥೆಯಲ್ಲಿ ಇಲ್ಲ.

ಇದಕ್ಕೂ ಆಳದಲ್ಲಿ ಇನ್ನೊಂದು ತೊಡಕಿದೆ. ಕೃತಿಯ ಪ್ರಾಣಿವಿಂಗಡಣೆ ಬಹುಮಟ್ಟಿಗೆ ರಾಷ್ಟ್ರವನ್ನು ಆಧರಿಸಿದ್ದು. ಕಾರು ಹತ್ತಿದ ಕಪ್ಪು ವರ್ಣದ ಮನುಷ್ಯ ಕೂಡ ಅಮೆರಿಕನ್ನನಾದ್ದರಿಂದ ನಾಯಿಯೇ. ಯಹೂದಿಗಳಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಪೋಲೆಂಡಿನ ವ್ಲಾದೆಕ್, ಅಮೆರಿಕದ ಪ್ರಜೆಯಾದ ಆರ್ಟ್, ಚೆಕ್ ಮೂಲದ ಪಾವೆಲ್ ಎಲ್ಲರೂ ಇಲಿಗಳೇ. ಯಹೂದಿ ಯಾವ ದೇಶದವನೂ ಆಗಲಾರ, ಅವನು ಎಲ್ಲೆಡೆಯೂ ಯಹೂದಿಯೇ ಎಂಬುದು ನಾಜಿ ಕಾನೂನಿನ ತಿರುಳಾಗಿತ್ತು. ಆ ತಿರುಳನ್ನು ಕೃತಿ ವ್ಯಂಗ್ಯವಾಗಿ ಬಳಸಿದೆ ಎಂಬುದು ಸರಿ. ಆದರೆ ವ್ಯಂಗ್ಯವನ್ನು ಗ್ರಹಿಸದ ಓದಿಗೆ ಅದೇ ವಿಂಗಡಣೆ ನಿಜವಾಗಿ ಉಳಿದುಬಿಡುತ್ತದೆ. ಇಲ್ಲಿ ಪೀಕರ್ ಮೊದಲಾದವರ ಆಕ್ಷೇಪವನ್ನು ಅರಸಿಕರ ತಕರಾರೆಂದು ತಳ್ಳಿಹಾಕುವುದು ತಪ್ಪು. ಅದೇ ಕಾರಣಕ್ಕೆ ಕೃತಿಯನ್ನೇ ತಳ್ಳಿಹಾಕುವುದೂ ತಪ್ಪು. ಆರೋಪವನ್ನು ಬಳಸಿಯೇ ಆರೋಪವನ್ನು ಖಂಡಿಸುವ ಕಲೆಗೆ ಕೈಸುಡದೆ ಇರದು; ‘ಮೌಸ್’ನ ಕೈ ಸುಟ್ಟಿರುವುದು ಹಂದಿಯ ಮುಖವನ್ನು ಬರೆಯುವಲ್ಲಿ.

೭

ಈ ವಿವೇಚನೆಯಿಂದ ಕನ್ನಡದ ಅಧ್ಯಯನಕ್ಕೆ ಒದಗುವ ಪ್ರಯೋಜನವನ್ನು ಎರಡು ನೆಲೆಗಳಲ್ಲಿ ಗುರುತಿಸಬಹುದು. ಮೊದಲನೆಯದು ಓದಿನ ಸಂದರ್ಭಕ್ಕೆ ಸಂಬಂಧಿಸಿದ್ದು. ಪ್ರಾಣಿಗಳ ಅರ್ಥ ಭಾಷೆಯಿಂದ ಭಾಷೆಗೆ ಬದಲಾಗುತ್ತದೆ. ಗಣಪತಿಯ ವಾಹನವಾದ ಇಲಿಯನ್ನು ಕನ್ನಡದ ಓದುಗ ಯೂರೋಪಿನ ಪ್ಲೇಗಿನ ಭಯದಿಂದಷ್ಟೇ ನೋಡುವುದಿಲ್ಲ. ಹಂದಿಯ ವಿಷಯದಲ್ಲಿ ಸ್ಥಿತಿ ತಿರುಗುಮುರುಗು. ಹಂದಿ ಸಾಕುವ ಸಮುದಾಯಗಳ ಮೇಲೆ ಜಾತಿವ್ಯವಸ್ಥೆ ಹೊರಿಸಿದ ಕಳಂಕದಿಂದಾಗಿ ಇಲ್ಲಿ ಆ ಪದ ಪೋಲೆಂಡಿನವರಿಗೆ ತಿಳಿಯದ ಇನ್ನೊಂದು ಕ್ರೌರ್ಯವನ್ನು ಹೊತ್ತಿದೆ. ‘ಮೌಸ್’ನ ಪ್ರಾಣಿಗಳನ್ನು ಕನ್ನಡದಲ್ಲಿ ವಿವರಿಸುವವರು ಈ ಹೆಚ್ಚಿನ ಭಾರವನ್ನು ಅರಿಯದೆ ಮಾತನಾಡಿದರೆ ಒಂದು ನಾಡಿನ ಪಡಿಯಚ್ಚನ್ನು ಬಿಡಿಸಲು ಹೋಗಿ ಇನ್ನೊಂದು ನಾಡಿನದನ್ನು ಬಿಗಿದಂತಾದೀತು.

ಎರಡನೆಯದು ಬೋಧನೆಯ ಕ್ರಮಕ್ಕೆ ಸಂಬಂಧಿಸಿದ್ದು. ೨೦೨೨ರ ಜನವರಿಯಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಮೆಕ್‌ಮಿನ್ ಕೌಂಟಿಯ ಶಾಲಾ ಮಂಡಳಿ ‘ಮೌಸ್’ ಅನ್ನು ಎಂಟನೆಯ ತರಗತಿಯ ಪಠ್ಯದಿಂದ ತೆಗೆದುಹಾಕಿತು. ಕೊಟ್ಟ ಕಾರಣಗಳು ಕೆಲವು ಬೈಗುಳಗಳು ಮತ್ತು ಒಂದು ನಗ್ನ ಚಿತ್ರ. ಆ ನಗ್ನ ಚಿತ್ರ ಇರುವುದು ೧೯೬೮ರಲ್ಲಿ ಆನ್ಯ ಆತ್ಮಹತ್ಯೆ ಮಾಡಿಕೊಂಡುದನ್ನು ಕುರಿತ ಕಥೆಯಲ್ಲಿ. ಮೊದಲೇ ಬಿಡಿಯಾಗಿ ಪ್ರಕಟವಾಗಿ ಅನಂತರ ಕೃತಿಯೊಳಗೆ ಸೇರಿದ ಆ ನಾಲ್ಕು ಪುಟಗಳಲ್ಲಿ ಒಂದೂ ಪ್ರಾಣಿಮುಖವಿಲ್ಲ, ಎಲ್ಲರೂ ಮನುಷ್ಯರು. ಸಾವಿರಾರು ಇಲಿಗಳ ಹೆಣಗಳು ತಾಳಿಕೊಳ್ಳುವಂತಿದ್ದು ಒಬ್ಬಳು ಮನುಷ್ಯಳ ಹೆಣ ತಾಳಲಾರದಂತಾದುದು ಯೋಚನೆಗೆ ಹಚ್ಚುವಂಥದು. ಪ್ರಾಣಿಮುಖ ಕ್ರೌರ್ಯವನ್ನು ನೋಡಲು ಬೇಕಾದ ಅಂತರವನ್ನು ಕೊಡುತ್ತದೆ. ಅದೇ ಅಂತರ ಕ್ರೌರ್ಯವನ್ನು ಮರೆಯಲೂ ಅನುವು ಮಾಡಿಕೊಡುತ್ತದೆ.

ಆದುದರಿಂದ ತರಗತಿಯಲ್ಲಿ ‘ಇಲಿ ಯಾವುದರ ಸಂಕೇತ?’ ಎಂದು ಕೇಳಿ ನಿಲ್ಲಿಸುವುದರಿಂದ ಈ ಕೃತಿಗೆ ಅನ್ಯಾಯವಾಗುತ್ತದೆ. ಈ ಮುಖವನ್ನು ಕೊಟ್ಟವರು ಯಾರು, ಯಾರಿಗೆ ಅದನ್ನು ಬಿಚ್ಚಲು ಸಾಧ್ಯವಾಯಿತು, ಯಾರಿಗೆ ಆಗಲಿಲ್ಲ ಎಂಬ ಪ್ರಶ್ನೆಗಳು ಅದರ ಜೊತೆಗೇ ಬರಬೇಕು. ರೂಪಕದ ಲಕ್ಷಣವನ್ನು ಹೇಳುವಾಗ ‘ಆರೋಪ’ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬರೆಯುವ ಅಧ್ಯಾಪಕರು ಅದರ ಪಕ್ಕದಲ್ಲಿ ಅದರ ಎರಡನೆಯ ಅರ್ಥವನ್ನೂ ಬರೆದರೆ, ‘ಮುಖಕಮಲ’ದ ಉದಾಹರಣೆಯೊಂದಿಗೆ ಈ ಇಲಿಮುಖದ ಉದಾಹರಣೆಯನ್ನೂ ಕೊಟ್ಟರೆ, ಅಲಂಕಾರಶಾಸ್ತ್ರದ ಪಾಠ ಇತಿಹಾಸದ ಪಾಠವೂ ಆಗುತ್ತದೆ.